ಮುಳ್ಳು ಸೊನ್ನೆಗೆ ಬಂದರೆ ಗೇಜ್ ಸರಿ ಇದೆ ಎಂದಲ್ಲ

ಬೆಳಗಾವಿಯ ಉದ್ಯಮಬಾಗದ ಹೈಡ್ರಾಲಿಕ್ ವರ್ಕ್‌ಶಾಪ್ ಇರಲಿ, ಕಬ್ಬಿನ ಹಂಗಾಮಿಗೆ ತಯಾರಾಗುತ್ತಿರುವ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಇರಲಿ, ಒತ್ತಡ ಅಳೆಯುವ ಪ್ರೆಶರ್ ಗೇಜ್ ಚೆಕ್ ಮಾಡಿದ್ರಾ ಎಂದರೆ ಬರುವ ಉತ್ತರ ಒಂದೇ: 'ಮುಳ್ಳು ಸೊನ್ನೆಗೆ ಬರುತ್ತೆ, ಸರಿ ಇದೆ.' ಅಷ್ಟು ಸಾಲದು. ಸೊನ್ನೆಯಲ್ಲಿ ಸರಿ ಇರುವ ಗೇಜ್ 150 ಬಾರ್‌ಗೆ (ಬಾರ್ ಎಂದರೆ ಒತ್ತಡದ ಅಳತೆ) ಹೋದಾಗ 10 ಬಾರ್ ಕಡಿಮೆ ತೋರಿಸಬಹುದು. ಕೆಲವು ಗೇಜುಗಳಲ್ಲಿ ಸೊನ್ನೆಯ ಹತ್ತಿರ ಪಿನ್ ಬೇರೆ ಇರುತ್ತದೆ. ಮುಳ್ಳು ಅದಕ್ಕೆ ಒರಗಿ ನಿಂತರೆ ತಪ್ಪು ಕಾಣುವುದೇ ಇಲ್ಲ.

ಒಳಗಿರುವುದು ಬಾಗಿದ ಚಪ್ಪಟೆ ಕೊಳವೆ, ಬೋರ್ಡನ್ ಟ್ಯೂಬ್. ಫ್ರಾನ್ಸಿನ ಯೂಜೀನ್ ಬೋರ್ಡನ್ 1849ರಲ್ಲಿ ಪೇಟೆಂಟ್ ಪಡೆದದ್ದು. ಒತ್ತಡ ಏರಿದಂತೆ ಕೊಳವೆ ಸ್ವಲ್ಪ ನೆಟ್ಟಗಾಗುತ್ತದೆ, ಲಿಂಕ್ ಎಂಬ ಸಣ್ಣ ಕಡ್ಡಿ ಮತ್ತು ಸೆಕ್ಟರ್ ಎಂಬ ಬೀಸಣಿಗೆಯಾಕಾರದ ಹಲ್ಲಿನ ತುಂಡಿನ ಮೂಲಕ ಮುಳ್ಳು ತಿರುಗುತ್ತದೆ.

ಪರೀಕ್ಷೆಗೆ ಎರಡು ಗೇಜುಗಳಿಗೆ ಒಂದೇ ಒತ್ತಡ ಕೊಡುವ ಕಂಪ್ಯಾರಿಸನ್ ಪಂಪ್, ಹೋಲಿಸಿ ನೋಡಲು ಸರ್ಟಿಫಿಕೇಟ್ ಇರುವ ಮಾಸ್ಟರ್ ಗೇಜ್ ಬೇಕು. ಮಾಸ್ಟರ್ ನಿಮ್ಮ ಗೇಜಿಗಿಂತ ನಾಲ್ಕು ಪಟ್ಟು ನಿಖರ ಇದ್ದರೆ ಒಳ್ಳೆಯದು. ಆಕ್ಸಿಜನ್ ಗೇಜನ್ನು ಮಾತ್ರ ಎಣ್ಣೆ ಪಂಪಿಗೆ ಹಾಕಲೇಬೇಡಿ. ಒಳಗೆ ಎಣ್ಣೆ ಉಳಿದು ಆಕ್ಸಿಜನ್ ತಗುಲಿದರೆ ಬೆಂಕಿ ಹತ್ತಿ ಸಿಡಿಯುತ್ತದೆ.

ಮೊದಲು ಡಯಲ್ ಮೇಲಿನ ಕ್ಲಾಸ್ ನೋಡಿ. 1.6 ಎಂದಿದ್ದರೆ ಪೂರ್ತಿ ಸ್ಕೇಲಿನ ಶೇ 1.6 ತಪ್ಪು ನಡೆಯುತ್ತದೆ. 250 ಬಾರ್ ಗೇಜಿನಲ್ಲಿ ಅದು 4 ಬಾರ್. 50 ಬಾರ್ ಓದುವಾಗಲೂ ಅದೇ 4, ಅಂದರೆ ಶೇ 8! ಸಣ್ಣ ಕೆಲಸಕ್ಕೆ ದೊಡ್ಡ ಗೇಜ್ ಹಾಕಬಾರದು ಅನ್ನುವುದು ಇದಕ್ಕೇ.

ಎರಡೂ ಗೇಜ್ ಕೂರಿಸಿ, ಪಂಪಿನ ಗಾಳಿ ತೆಗೆಯಿರಿ. ಪೂರ್ತಿ ಒತ್ತಡಕ್ಕೆ ಒಮ್ಮೆ ಏರಿಸಿ ಇಳಿಸಿ. ಆಮೇಲೆ ಸ್ಕೇಲಿನ ಶೇ 25, 50, 75, 100ರಲ್ಲಿ ನಿಲ್ಲಿಸುತ್ತಾ ಏರಿ. ನಿಮ್ಮ ಗೇಜಿನ ಮುಳ್ಳನ್ನು ಗೆರೆಗೆ ತಂದು, ಬೆರಳಿನಿಂದ ಮೆಲ್ಲಗೆ ತಟ್ಟಿ, ಮಾಸ್ಟರ್ ಓದಿ. ಅದರ ಗೆರೆಗಳು ಸಣ್ಣವು, ಓದುವುದು ಸುಲಭ. ಅದೇ ದಾರಿಯಲ್ಲಿ ಇಳಿಯುತ್ತಾ ಮತ್ತೆ ಬರೆದುಕೊಳ್ಳಿ. ಏರುವಾಗ ಮಾತ್ರ ಓದಿ ಮುಗಿಸುವವರೇ ಜಾಸ್ತಿ, ಆದರೆ ಅಸಲಿ ಕಾಯಿಲೆ ಗೊತ್ತಾಗುವುದು ಇಳಿಯುವಾಗ.

ಸ್ಕ್ರೂ ಮುಟ್ಟುವ ಮೊದಲು ಈ ಅಂಕಿಗಳನ್ನು ನೋಡಿ. ಎಲ್ಲ ಕಡೆ ಒಂದೇ ತಪ್ಪಿದ್ದರೆ ಮುಳ್ಳನ್ನು ಪುಲ್ಲರ್‌ನಿಂದ ತೆಗೆದು, ಶೇ 25ರ ಒತ್ತಡದಲ್ಲಿ ಸರಿಯಾಗಿ ಕೂರಿಸಿ. ಸ್ಕ್ರೂಡ್ರೈವರ್ ಹಾಕಿ ಎಬ್ಬಿದರೆ ಒಳಗಿನ ಸಣ್ಣ ಶಾಫ್ಟ್ ಬಾಗುತ್ತದೆ. ಒತ್ತಡದ ಜೊತೆ ತಪ್ಪೂ ಏರುತ್ತಾ ಹೋದರೆ ಲಿಂಕಿನ ಸ್ಕ್ರೂ ಸಡಿಲಿಸಿ. ಕಡಿಮೆ ತೋರಿಸುತ್ತಿದ್ದರೆ ಲಿಂಕನ್ನು ಸೆಕ್ಟರ್ ತಿರುಗುವ ಬಿಂದುವಿನತ್ತ ಸರಿಸಿ, ಹೆಚ್ಚು ತೋರಿಸುತ್ತಿದ್ದರೆ ದೂರಕ್ಕೆ. ಕೂದಲೆಳೆಯಷ್ಟು ಸಾಕು. ಆಮೇಲೆ ಪೂರ್ತಿ ಸುತ್ತು ಮತ್ತೆ ಮಾಡಿ. ಏರುವಾಗ ಒಂದು, ಇಳಿಯುವಾಗ ಒಂದು ತೋರಿಸಿದರೆ ಹಲ್ಲು ಸವೆದಿರಬಹುದು, ಇಲ್ಲವೇ ಟ್ಯೂಬ್ ದಣಿದಿದೆ. ಅದಕ್ಕೆ ಸುಮ್ನೆ ಸಮಯ ಹಾಳು ಮಾಡಬೇಡಿ, ಹೊಸದು ತನ್ನಿ.

ಆಡಿಟ್‌ಗೆ ಸರ್ಟಿಫಿಕೇಟ್ ಬೇಕಿದ್ದರೆ ಎನ್‌ಎಬಿಎಲ್ (ಪರೀಕ್ಷಾ ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್‌ಗೇ ಕೊಡಬೇಕು. ವಾಪಸ್ ಕೂರಿಸುವಾಗ ಡಬ್ಬಿ ಹಿಡಿದು ತಿರುಗಿಸಬೇಡಿ, ಪಾನಾ ಕೆಳಗಿನ ಚೌಕಕ್ಕೇ ಬೀಳಲಿ. ಬಾಯ್ಲರ್ ಗೇಜಾದರೆ ಅದರ ಕೆಳಗಿನ ಬಾಗಿದ ಸೈಫನ್ ಕೊಳವೆಗೆ ಮೊದಲು ನೀರು ತುಂಬಿ. ಬಿಸಿ ಉಗಿ ನೇರವಾಗಿ ಟ್ಯೂಬಿಗೆ ಹೊಕ್ಕರೆ ಮಾಡಿದ ಕ್ಯಾಲಿಬ್ರೇಷನ್ ಅಂದೇ ಹಾಳು.