ಬೈಕ್ ಬಲ್ಬಿನಲ್ಲಿ ಫೈರ್‌ವಾಲ್ ಅಡಾಪ್ಟರ್ ಟೆಸ್ಟ್: ನನ್ನ ಅನುಭವ

ಚಳ್ಳಕೆರೆಯ ಒಂದು ಎಣ್ಣೆ ಮಿಲ್ ಆಫೀಸಿನ, ಹೊರಗಿನ ನೆಟ್ಟಿನಿಂದ ನುಗ್ಗುವ ಕಳ್ಳರನ್ನು ತಡೆಯುವ ಬಾಕ್ಸ್ ಆದ ಫೈರ್‌ವಾಲ್‌ಗೆ ಎಲ್ಲರೂ ಸೇರಿ ತಿಥಿ ಮಾಡಿ ಮುಗಿಸಿದ್ದರು. ಬೆಂಗಳೂರಿನ ಸಪ್ಲೈಯರ್ ಫೋನಿನಲ್ಲೇ "ಬೋರ್ಡ್ ಹೋಗಿದೆ" ಅಂದು, ಹೊಸದಕ್ಕೆ ಲೈಸೆನ್ಸ್ ಸೇರಿಸಿ 60 ಸಾವಿರದ ಆಸುಪಾಸಿನ ಕೊಟೇಶನ್ ಕಳಿಸಿದ್ದರು. ಆ ಬಾಕ್ಸ್ ನನ್ನ ಕೈಗೆ ಬಂದು ಎರಡು ಬೇಸಿಗೆ ಕಳೆದಿದೆ, ಇನ್ನೂ ಓಡುತ್ತಿದೆ. ಕೊನೆಗೆ ಕೆಲಸಕ್ಕೆ ಬಂದ ಸಾಮಾನಿಗೆ ಹೋದದ್ದು ಹೆಚ್ಚು ಕಡಿಮೆ 900 ರೂಪಾಯಿ. ದಾವಣಗೆರೆಯ ನಮ್ಮ ಲೈನಿನ ಹುಡುಗರು ಆಗ "ಅಣ್ಣ ಬೈಕ್ ಬಲ್ಬ್ ಹಿಡ್ಕಂಡು ಫೈರ್‌ವಾಲ್ ರಿಪೇರಿಗೆ ಹೊಂಟಾನೆ" ಅಂತ ನಕ್ಕಿದ್ದರು. ಈಗ ಅವರೇ ಬಲ್ಬ್ ಎಷ್ಟು ವ್ಯಾಟಿನದು ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ತೊಂದರೆ ಇಷ್ಟೇ. ಪವರ್ ದೀಪ ಹಸಿರು. ಸ್ಟೇಟಸ್ ದೀಪ ಬೂಟ್ ಆಗುವಾಗಿನಂತೆ ಮಿಣುಕುತ್ತದೆ. ಇನ್ನೇನು ಪೋರ್ಟ್ ದೀಪಗಳು ಹತ್ತಿಕೊಳ್ಳಬೇಕು, ಅಷ್ಟರಲ್ಲಿ ಎಲ್ಲ ಆರಿ ಮತ್ತೆ ಮೊದಲಿನಿಂದ ಶುರು. ದೀಪದ ಬಣ್ಣಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ, ಅದು ಕಂಪನಿಗೊಂದು ಥರ. ಮಿಣುಕುವ ತಾಳ ನೋಡುತ್ತೇನೆ. ಫ್ಲ್ಯಾಶ್ ಮೆಮೊರಿ ಅಥವಾ ಅದರೊಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಕನ್ಸೋಲಿನಲ್ಲಿ (ಲ್ಯಾಪ್‌ಟಾಪಿಗೆ ಕೇಬಲ್ ಕಟ್ಟಿ ಬಾಕ್ಸ್ ಬರೆಯುವ ಸಾಲುಗಳನ್ನು ನೋಡುವ ಪೋರ್ಟ್) ಏನಾದರೂ ಎರರ್ ಉಗುಳುತ್ತದೆ. ಪವರ್ ಸಾಲದೆ ಹೋದರೆ ಒಂದೊಂದು ಸಲ ಒಂದೊಂದು ಜಾಗ. ಕನ್ಸೋಲಿನಲ್ಲಿ ಸಾಲು ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ, ಎರರ್ ಗಿರರ್ ಏನೂ ಇರುವುದಿಲ್ಲ. ಫೋನಿನ ಸ್ಲೋ ಮೋಶನ್ ಹಾಕಿ ಮುಂಭಾಗದ ವಿಡಿಯೋ ತೆಗೆದೆ. ಕಣ್ಣಿಗೆ ಸುಮ್ನೆ ಉರಿಯುವಂತೆ ಕಾಣುತ್ತಿದ್ದ ಪವರ್ ದೀಪ ರೀಸೆಟ್ ಆಗುವ ಕ್ಷಣದಲ್ಲಿ ಒಮ್ಮೆ ಕಣ್ಣು ಮುಚ್ಚಿ ತೆರೆದಿತ್ತು. ತಪ್ಪು ಬೋರ್ಡಿನದಲ್ಲ, ಪವರ್ ಅಡಾಪ್ಟರಿನದು ಅಂತ ಅಲ್ಲಿಗೆ ನನಗೆ ಗ್ಯಾರಂಟಿ ಆಯಿತು.

ಮಿಲ್ಲಿನ ಸಾಹುಕಾರರಿಗೆ ಮಾತ್ರ ಆಗಲಿಲ್ಲ. ಅವರ ಯುಪಿಎಸ್ ನೋಡಿಕೊಳ್ಳುವವನು ಅಡಾಪ್ಟರ್ ಪಿನ್ನಿಗೆ ಮೀಟರ್ ಹಿಡಿದು "12.2 ಬರ್ತೈತಲ್ರೀ, ಇನ್ನೇನ್ ಬೇಕು?" ಅಂದ. ಲೋಡ್ ಇಲ್ಲದೆ, ಅಂದರೆ ಕರೆಂಟ್ ಎಳೆಯುವವರು ಯಾರೂ ಇಲ್ಲದೆ, ಬಂದೇ ಬರುತ್ತದೆ. 12 ವೋಲ್ಟ್ 3 ಆಂಪಿಯರ್ ಅಂತ ಬರೆದ ಅಡಾಪ್ಟರ್ ಬಿಸಿಯಾದ ಮೇಲೆ 2 ಆಂಪಿಯರ್ ಕೊಡುತ್ತದಾ ಅನ್ನುವುದು ಪ್ರಶ್ನೆ.

ಪಿ.ಬಿ. ರೋಡಿನ ಆಟೋ ಪಾರ್ಟ್ಸ್ ಅಂಗಡಿಯಿಂದ ತಂದ ಬೈಕ್ ಇಂಡಿಕೇಟರ್ ಬಲ್ಬ್ ಅದಕ್ಕೇ. 12 ವೋಲ್ಟಿನ 21 ವ್ಯಾಟ್ ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಜೊತೆಗೆ 10 ವ್ಯಾಟಿನದೊಂದು ಸೇರಿಸಿದರೆ 2.6ರ ಹತ್ತಿರ. 3 ಆಂಪಿಯರ್ ಅಡಾಪ್ಟರಿಗೆ ಸರಿಯಾದ ಪರೀಕ್ಷೆ. ಹಾಕಿದೆ. ಮೊದಲು ಚೆನ್ನಾಗಿ ಉರಿಯಿತು. ಹತ್ತು ನಿಮಿಷ ಆಗುವಷ್ಟರಲ್ಲಿ ಬಲ್ಬ್ ಕೆಂಪಗೆ ಮಂಕಾಯಿತು, ಮೀಟರಿನಲ್ಲಿ 9.5ರ ಆಸುಪಾಸು. ಮೀಟರ್ ನಂಬದ ಸಾಹುಕಾರರು ಬಲ್ಬ್ ನಂಬಿದರು. ಬಲ್ಬಿನ ದೊಡ್ಡ ಉಪಯೋಗ ಇದೇ ಅಂತ ಈಗಲೂ ನನ್ನ ಅಭಿಪ್ರಾಯ.

ಇದು ಸಲೀಸಾಗಿ ಬಂದ ವಿದ್ಯೆ ಅಲ್ಲ. ಮೊದಮೊದಲು ಒಳ್ಳೆ ಅಡಾಪ್ಟರ್ ಕೂಡ ಬಲ್ಬ್ ಹಾಕಿದ ತಕ್ಷಣ ಟಿಕ್ ಟಿಕ್ ಅಂತ ಆಫ್ ಆಗುತ್ತಿತ್ತು. ತಣ್ಣಗಿರುವ ಫಿಲಮೆಂಟ್ ಆರಂಭದಲ್ಲಿ ಹತ್ತು ಪಟ್ಟು ಕರೆಂಟ್ ಎಳೆಯುತ್ತದೆ, ಅಡಾಪ್ಟರ್ ಶಾರ್ಟ್ ಅಂದುಕೊಂಡು ಕೈ ಬಿಡುತ್ತದೆ. ಅದನ್ನು ದಾಟಿಸಲು ನಾನೊಂದು ಸಣ್ಣ ಉಪಾಯ ಮಾಡಿಕೊಂಡಿದ್ದೇನೆ. ಅದು ನನ್ನ ಹೊಟ್ಟೆಪಾಡು, ಬಿಡಿ. ಬಲ್ಬ್ ಬೇಡ ಅನ್ನುವವರು 4.7 ಓಮ್, 50 ವ್ಯಾಟಿನ ಅಲ್ಯೂಮಿನಿಯಂ ರೆಸಿಸ್ಟರ್ ಹಾಕಿಕೊಳ್ಳಬಹುದು, ಸುಮಾರು 2.5 ಆಂಪಿಯರ್ ಎಳೆಯುತ್ತದೆ. ಮುಟ್ಟಬೇಡಿ, ಬೆರಳಿಗೆ ಬೊಬ್ಬೆ ಬರುತ್ತದೆ.

ಹಳೆ ಅಡಾಪ್ಟರ್ ಒಡೆದು ನೋಡಿದರೆ ಒಳಗೆ ಕರೆಂಟ್ ಹಿಡಿದಿಟ್ಟು ಸಮ ಮಾಡುವ ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. ಉಬ್ಬದೆ ಏನು ಮಾಡುತ್ತವೆ? ಅದನ್ನು ಇನ್ವರ್ಟರಿನ ತಲೆ ಮೇಲೆ, ಗೋಡೆಗೆ ಒತ್ತಿ ಇಟ್ಟಿದ್ದರು. ಚಳ್ಳಕೆರೆಯ ಬೇಸಿಗೆ ಗೊತ್ತಲ್ಲ. 10 ಡಿಗ್ರಿ ಬಿಸಿ ಏರಿದರೆ ಕೆಪಾಸಿಟರಿನ ಆಯಸ್ಸು ಅರ್ಧ ಅನ್ನುವುದು ನಮ್ಮ ಲೈನಿನ ಹಳೆ ಲೆಕ್ಕ.

ಬದಲಿ ಹುಡುಕಿದ್ದು ಇನ್ನೊಂದು ಗೋಳು. 250 ರೂಪಾಯಿಗೆ ಸಿಕ್ಕ ಅಡಾಪ್ಟರ್ ತಂದೆ. ಜ್ಯಾಕಿನ ಹೊರಗಿನ ಅಳತೆ 5.5 ಮಿಲಿಮೀಟರ್ ಸರಿ ಇದೆ, ಆದರೆ ಅದರ ಒಳತೂತು 2.5. ಬಾಕ್ಸಿನ ಪಿನ್ 2.1. ಒಳಗೆ ಹೋಗುತ್ತದೆ, ಕೂತ ಹಾಗೂ ಕಾಣುತ್ತದೆ. ವೈರು ಸ್ವಲ್ಪ ಅಲುಗಿದರೆ ಪವರ್ ದೀಪ ಮಿಣುಕ್. ಆಮೇಲೆ ರೂಟರಿಗೆ ಹಾಕುವ 2 ಆಂಪಿಯರಿನ ಪುಟ್ಟ ಯುಪಿಎಸ್, 1500 ಚಿಲ್ಲರೆ ಕೊಟ್ಟು ತಂದಿದ್ದು. ಕರೆಂಟ್ ಇದ್ದಾಗ ಹೇಗೋ ನಡೆಯಿತು, ಬ್ಯಾಟರಿಗೆ ಬಂದ ಕೂಡಲೇ ಮಲಗಿತು. ಅದೀಗ ನಮ್ಮ ಮನೆ ವೈಫೈಗೆ ಇದೆ. ಕೊನೆಗೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ನಂಬರ್ ಇರುವ 12 ವೋಲ್ಟ್ 5 ಆಂಪಿಯರ್ ಅಡಾಪ್ಟರ್, 650 ರೂಪಾಯಿ. ಎಲ್ಲಿ ತರುತ್ತೇನೆ ಅಂತ ಕೇಳಬೇಡಿ. "5 ಆಂಪಿಯರ್ ಹಾಕಿದ್ರೆ ಬಾಕ್ಸ್ ಸುಟ್ಟೋಗ್ತದೆ" ಅಂತ ಹೆದರಿಸಿದವರು ಎಷ್ಟೋ ಜನ. ಬಾಕ್ಸ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ವೋಲ್ಟೇಜ್ ಮತ್ತು ಪ್ಲಸ್ ಮೈನಸ್ ಸರಿ ಇರಬೇಕು ಅಷ್ಟೇ. ಉಳಿದ ದುಡ್ಡು ಬಲ್ಬು, ಹೋಲ್ಡರ್, ವೈರಿಗೆ.

ಮಿಲ್ಲಿನ ಮೋಟಾರ್ ಶುರುವಾದಾಗ ಮಾತ್ರ ಆಮೇಲೂ ಒಂದೆರಡು ಸಲ ರೀಸ್ಟಾರ್ಟ್ ಆಯಿತು. ವೋಲ್ಟೇಜ್ ಕುಸಿದ ಕೂಡಲೇ ಇನ್ವರ್ಟರ್ ಬ್ಯಾಟರಿಗೆ ಹಾರುತ್ತಿತ್ತು, ಆ ಸಂದಿಯಲ್ಲಿ ಅಡಾಪ್ಟರ್ ಉಸಿರು ಬಿಡುತ್ತಿತ್ತು. ಸಾಹುಕಾರರು ಸ್ಟೆಬಿಲೈಸರ್ ತರಿಸಲು ಹೊರಟಿದ್ದರು. ಅಡಾಪ್ಟರ್ 100ರಿಂದ 240 ವೋಲ್ಟ್ ತಡೆಯುತ್ತದೆ, ಸ್ಟೆಬಿಲೈಸರ್ ಯಾಕೆ? ಇನ್ವರ್ಟರಿನ ಹಿಂದೆ ಒಂದು ಸ್ವಿಚ್ ಇತ್ತು, ಅದನ್ನು ಯುಪಿಎಸ್ ಮೋಡ್‌ಗೆ ತಳ್ಳಿದೆ. ಬದಲಾವಣೆ ಬೇಗ ಆಗುತ್ತದೆ, ಅಡಾಪ್ಟರಿಗೆ ಗೊತ್ತೇ ಆಗುವುದಿಲ್ಲ. ಖರ್ಚು ಸೊನ್ನೆ.

ಅಲ್ಲೇ ಒಂದು ತಮಾಷೆ. ಫೈರ್‌ವಾಲ್ ಮೈ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತಿತ್ತು. ಅರ್ತಿಂಗಿಗೂ ಅದಕ್ಕೂ ಮೀಟರ್ ಹಿಡಿದರೆ 100 ವೋಲ್ಟಿನ ಮೇಲೆ! ಎರಡು ಪಿನ್ ಅಡಾಪ್ಟರುಗಳಲ್ಲಿ ಇದು ಮಾಮೂಲು, ಒಳಗಿನ ಫಿಲ್ಟರ್ ಕೆಪಾಸಿಟರಿನ ಸೋರಿಕೆ. ಬಾಡಿಯ ಅರ್ತ್ ಸ್ಕ್ರೂಗೆ ಹಸಿರು ವೈರ್ ಕಟ್ಟಿದೆ, ನಿಂತಿತು. ಅರ್ತ್ ಪಿಟ್ ಒಣಗಿತ್ತು, ನಾಲ್ಕು ಕೊಡ ನೀರು ಹಾಕಿಸಿದೆ.

ದೊಡ್ಡ ರ‍್ಯಾಕ್ ಬಾಕ್ಸುಗಳದ್ದು ಬೇರೆ ಕಥೆ. ದಾವಣಗೆರೆಯ ಒಂದು ಕಾಲೇಜಿನಲ್ಲಿ ನೆಟ್ ಚೆನ್ನಾಗಿದೆ, ಅಲಾರ್ಮ್ ದೀಪ ಕೆಂಪು. ಹಿಂದೆ ಎರಡು ಪವರ್ ಸಪ್ಲೈ, ಒಂದರ ಕೇಬಲ್ ಅರ್ಧ ಕಿತ್ತು ಬಂದಿತ್ತು. ಸಪ್ಲೈ ಕೂರಿಸಿ ಕರೆಂಟ್ ಕೊಡದಿದ್ದರೆ ಅದನ್ನೂ ಕೆಟ್ಟಿದೆ ಅಂತಲೇ ಲೆಕ್ಕ ಹಾಕುವ ಬಾಕ್ಸುಗಳಿವೆ. ಒತ್ತಿದೆ, ಹಸಿರಾಯಿತು. ಆದರೆ ಎರಡೂ ಕೇಬಲ್ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ! ಎರಡನೇ ಸಪ್ಲೈಗೆ ದುಡ್ಡು ಕೊಟ್ಟು ಏನು ಬಂತು? ಒಂದನ್ನು ಯುಪಿಎಸ್‌ಗೆ, ಇನ್ನೊಂದನ್ನು ಬೇರೆ ಕರೆಂಟ್ ಲೈನಿಗೆ ಹಾಕಿಸಿ ಬಂದೆ. 500 ತೆಗೆದುಕೊಂಡೆ, ಜಾಸ್ತಿ ಅಂದರು.

ಬಲ್ಬ್ ಅರ್ಧ ಗಂಟೆ ಮಂಕಾಗದೆ ಉರಿದು, ಜ್ಯಾಕ್ ಕೂಡ ಬಿಗಿಯಾಗಿದ್ದು, ಆಮೇಲೂ ಬಾಕ್ಸ್ ರೀಸ್ಟಾರ್ಟ್ ಆಗುತ್ತಿದ್ದರೆ ಈ ವಿದ್ಯೆ ಅಲ್ಲಿ ನಡೆಯುವುದಿಲ್ಲ. ಆಗ ಕನ್ಸೋಲ್ ಲಾಗ್ ತೆಗೆದು ಕಂಪನಿಗೆ ಕಳಿಸಿ. ವಾರಂಟಿ ಇದ್ದರೆ ಸೀಲ್ ಮುಟ್ಟಬೇಡಿ.