ಟಿಶ್ಯೂ ಮ್ಯಾಚಿಂಗ್ ರಿಪೋರ್ಟ್ ಬಂದಾಗ ಮೊದಲು ಯಾವ ಪುಟ ನೋಡಬೇಕು

ಕಿಡ್ನಿ ಕಸಿಗೆ ಮುಂಚೆ ದಾನಿ ಮತ್ತು ರೋಗಿಯ ರಕ್ತ ಪರೀಕ್ಷಿಸುವ ಲ್ಯಾಬಿನಲ್ಲಿ ನನ್ನ ಕೆಲಸ. ರಿಪೋರ್ಟ್ ಕೈಗೆ ಸಿಕ್ಕ ಕೂಡಲೇ ಮನೆಯವರು ಕೇಳುವುದು ಒಂದೇ: "ಆರಕ್ಕೆ ಎಷ್ಟು ಹೊಂದಿದೆ ಮೇಡಂ?" ಆ ಪುಟ ಆಮೇಲೆ. ಮೊದಲು ಕ್ರಾಸ್‌ಮ್ಯಾಚ್ ಪುಟ ತೆಗೆಯಿರಿ.

ದಾನಿಯ ರಕ್ತದಿಂದ ಬೇರ್ಪಡಿಸಿದ ಲಿಂಫೋಸೈಟ್‌ಗಳಿಗೆ (ಒಂದು ಬಗೆಯ ಬಿಳಿ ರಕ್ತಕಣ) ರೋಗಿಯ ಸೀರಂ, ಅಂದರೆ ರಕ್ತದ ತಿಳಿ ದ್ರವ, ಹಾಕುತ್ತೇವೆ, ಮೇಲೆ ಕಾಂಪ್ಲಿಮೆಂಟ್ (ಪ್ರತಿಕಾಯ ಅಂಟಿದ ಕಣವನ್ನು ಕೊಲ್ಲುವ ಪ್ರೋಟೀನ್‌ಗಳು). ದಾನಿಯ ವಿರುದ್ಧ ಪ್ರತಿಕಾಯಗಳಿದ್ದರೆ ಕಣಗಳು ಸಾಯುತ್ತವೆ. ಅದೇ ಪಾಸಿಟಿವ್, ನಮಗೆ ಬೇಕಿರುವುದು ನೆಗೆಟಿವ್. 1969ರಲ್ಲಿ ಸಂಶೋಧಕರಾದ ಪಟೇಲ್ ಮತ್ತು ಟೆರಾಸಾಕಿ ಕೊಟ್ಟ ಲೆಕ್ಕ ನೋಡಿ: ಪಾಸಿಟಿವ್ ಇದ್ದೂ ಕಸಿ ಮಾಡಿದ 30 ಕಿಡ್ನಿಗಳಲ್ಲಿ 24 ತಕ್ಷಣವೇ ಕೆಟ್ಟವು, ನೆಗೆಟಿವ್ ಇದ್ದ 195ರಲ್ಲಿ ಕೆಟ್ಟದ್ದು ಎಂಟು. ಲಿಂಫೋಸೈಟ್‌ಗಳಲ್ಲಿ ಟಿ, ಬಿ ಎಂದು ಬಗೆಗಳಿವೆ; ಬಿ ಕಣದಲ್ಲಿ ಮಾತ್ರ ಪಾಸಿಟಿವ್ ಬಂದರೆ ಗಾಬರಿ ಬೇಡ. ರೋಗಿಗೆ ರಿಟುಕ್ಸಿಮ್ಯಾಬ್ (ಬಿ ಕಣಗಳಿಗೆ ಅಂಟುವ ಔಷಧಿ) ಕೊಟ್ಟಿದ್ದರೂ ಹಾಗೆ ಬರುತ್ತದೆ. ಡಿಎಸ್‌ಎ, ಅಂದರೆ ಈ ದಾನಿಯ ವಿರುದ್ಧವೇ ಇರುವ ಪ್ರತಿಕಾಯ ಹುಡುಕುವ ಪರೀಕ್ಷೆಯ ಫಲಿತಾಂಶ ಏನೆಂದು ಡಾಕ್ಟರನ್ನು ಕೇಳಿ.

ಈ ಪ್ರತಿಕಾಯಗಳು ಬರುವುದು ಮುಖ್ಯವಾಗಿ ಮೂರು ದಾರಿಯಿಂದ: ಹಿಂದೆ ಹಾಕಿಸಿಕೊಂಡ ರಕ್ತ, ಹಿಂದಿನ ಕಸಿ, ಗರ್ಭಧಾರಣೆ. ಹೊಟ್ಟೆಯಲ್ಲಿರುವ ಮಗುವಿನಲ್ಲಿ ಅಪ್ಪನ ಎಚ್‌ಎಲ್‌ಎ (ದೇಹ ತನ್ನದು, ಪರಕೀಯ ಎಂದು ಗುರುತಿಸುವ ಕಣದ ಮೇಲಿನ ಗುರುತುಗಳು) ಅರ್ಧ ಇರುತ್ತದಲ್ಲ, ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸಿಟ್ಟಿರಬಹುದು. ಹಾಗಾಗಿ ಹೆಂಡತಿಗೆ ಗಂಡನ ಅಥವಾ ಮಕ್ಕಳ ಕಿಡ್ನಿ ಎಂದಾಗ ನಾವು ಎರಡು ಪಟ್ಟು ಎಚ್ಚರದಿಂದಿರುತ್ತೇವೆ. ಫಾರ್ಮ್‌ನಲ್ಲಿ ಗರ್ಭಪಾತದ ಕಾಲಂ ಖಾಲಿ ಬಿಡಬೇಡಿ. ಮನೆಯವರೆದುರು ಮುಜುಗರವಾದರೆ ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿ, ಎಷ್ಟೋ ಜನ ಹಾಗೇ ಹೇಳುತ್ತಾರೆ. ಪರೀಕ್ಷೆ ಆದಮೇಲೆ ರಕ್ತ ಹಾಕಿಸಿಕೊಂಡರೆ ಅದನ್ನೂ ತಿಳಿಸಿ. ಹಳೆಯ ನೆಗೆಟಿವ್ ಆಗ ನಂಬುವಂತಿಲ್ಲ, ಹೊಸ ಸೀರಂ ಬೇಕು.

ಈಗ ಆರರ ಲೆಕ್ಕ. ಆರನೇ ಕ್ರೋಮೋಸೋಮಿನಲ್ಲಿರುವ ಎಚ್‌ಎಲ್‌ಎ ಜೀನ್‌ಗಳಲ್ಲಿ ನಾವು ಎಣಿಸುವುದು ಎ, ಬಿ, ಡಿಆರ್, ಪ್ರತಿಯೊಂದೂ ಎರಡೆರಡು. ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಆದ್ದರಿಂದ ಹೆತ್ತವರು ಮಕ್ಕಳ ನಡುವೆ ಸಾಮಾನ್ಯವಾಗಿ ಕನಿಷ್ಠ ಮೂರು ಹೊಂದುತ್ತವೆ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಏನೂ ಹಂಚಿಕೊಳ್ಳದಿರುವುದೂ ನಾಲ್ಕರಲ್ಲಿ ಒಂದು. ಎಣಿಸಬೇಕಾದ್ದು ದಾನಿಯಲ್ಲಿದ್ದು ರೋಗಿಯಲ್ಲಿಲ್ಲದ್ದನ್ನು. ಉದಾಹರಣೆಗೆ ಎ ಜೀನ್‌ನ ಬಗೆಗಳಲ್ಲಿ ರೋಗಿಯದು ಎ*02, ಎ*24. ದಾನಿಯದು ಎರಡೂ ಎ*02 ಎಂದುಕೊಳ್ಳಿ. ಕಣ್ಣಿಗೆ ಅರ್ಧ ಹೊಂದಿದಂತೆ ಕಂಡರೂ ಅಲ್ಲಿ ಮಿಸ್‌ಮ್ಯಾಚ್ ಸೊನ್ನೆ, ರೋಗಿಯ ದೇಹಕ್ಕೆ ಅಪರಿಚಿತವಾದದ್ದು ಏನೂ ಬರುವುದಿಲ್ಲ.

ಅಂಕಿ ಕಡಿಮೆ ಬಂತೆಂದು ದಾನಿಯನ್ನು ಕೈಬಿಡಬೇಡಿ. 1995ರಲ್ಲಿ ಪ್ರಕಟವಾದ ಅಮೆರಿಕದ ಅಂಕಿಅಂಶದಲ್ಲಿ ಗಂಡ ಅಥವಾ ಹೆಂಡತಿ ಕೊಟ್ಟ ಕಿಡ್ನಿಗಳಲ್ಲಿ ಶೇ. 85 ಮೂರು ವರ್ಷದ ನಂತರವೂ ಕೆಲಸ ಮಾಡುತ್ತಿದ್ದವು, ಹೆತ್ತವರದ್ದು ಶೇ. 82, ಮೃತ ದಾನಿಗಳದ್ದು ಶೇ. 70. ರೋಗಿ ಚಿಕ್ಕ ವಯಸ್ಸಿನವರಾದರೆ ಮಾತ್ರ ನಾನು ಡಿಆರ್ ಸಾಲನ್ನು ಇನ್ನೊಮ್ಮೆ ನೋಡುತ್ತೇನೆ. ಅವರಿಗೆ ಮುಂದೆ ಎರಡನೇ ಕಸಿ ಬೇಕಾಗಬಹುದು, ಈಗ ಹೊಂದದ್ದರ ವಿರುದ್ಧ ಪ್ರತಿಕಾಯ ಹುಟ್ಟಿದ್ದರೆ ಆಗ ತೊಂದರೆ.

ಟೈಪಿಂಗ್ ಪುಟದ (ಎ, ಬಿ, ಡಿಆರ್ ಬರೆದಿರುವ ಪುಟ) ಒಂದು ಜೆರಾಕ್ಸ್ ಫೈಲಿನಲ್ಲಿ ಇಟ್ಟುಕೊಳ್ಳಿ, ಅದು ಬದಲಾಗುವಂಥದ್ದಲ್ಲ. ಕ್ರಾಸ್‌ಮ್ಯಾಚ್ ಹಾಗಲ್ಲ, ದಾನಿ ಬದಲಾದರೆ ಹೊಸದಾಗಿಯೇ ಮಾಡಿಸಬೇಕು.