ಎಂಜಿನಿಯರಿಂಗ್ ಮಕ್ಕಳಿಗೆ ಬರವಣಿಗೆ ಕಲಿಸಲು ಮುಕ್ತ ಪಠ್ಯ: ಬಳಸುವುದು ಹೇಗೆ?

ಎಂಜಿನಿಯರಿಂಗ್ ಕಾಲೇಜಿನ ಇಂಗ್ಲಿಷ್ ಮೇಷ್ಟ್ರಿಗೆ ವಾರಕ್ಕೆ ಸಿಗುವ ಸಮಯವೇ ಕಡಿಮೆ. ಅದರಲ್ಲೂ ವ್ಯಾಕರಣಕ್ಕೇ ಜಾಸ್ತಿ ಹೋಗುತ್ತದೆ. ಆದರೆ ಮಕ್ಕಳು ನಾಲ್ಕು ವರ್ಷ ನಿಜಕ್ಕೂ ಬರೆಯುವುದು ಲ್ಯಾಬ್ ರೆಕಾರ್ಡ್, ಇಂಟರ್ನ್‌ಶಿಪ್ ರಿಪೋರ್ಟ್, ಪ್ರಾಜೆಕ್ಟ್ ಸಿನಾಪ್ಸಿಸ್, ಗೈಡ್‌ಗೆ ಮೇಲ್. ಇವುಗಳಿಗೆ ಬೇಕಾದ ಒಳ್ಳೆಯ ಪಾಠಗಳು ಮುಕ್ತ ಲೈಸೆನ್ಸಿನಲ್ಲಿ ಸಿಗುತ್ತವೆ. ದುಡ್ಡು ಉಳಿಯುವುದಂತೂ ಸರಿಯೇ. ಅದಕ್ಕಿಂತ ಹೆಚ್ಚಿನ ಲಾಭವೆಂದರೆ, ಅವನ್ನು ನಮ್ಮ ತರಗತಿಗೆ ಹೊಂದುವಂತೆ ತಿದ್ದಲು ಅನುಮತಿ ಇರುತ್ತದೆ.

ಮೊದಲು ಏನು ಬರೆಸಬೇಕು ಅಂತ ತೀರ್ಮಾನಿಸಿ

ನೆಟ್‌ನಲ್ಲಿ ಹುಡುಕಾಟ ಆಮೇಲೆ. ಈ ಸೆಮಿಸ್ಟರ್‌ನಲ್ಲಿ ಮಕ್ಕಳು ಬರೆಯಲೇಬೇಕಾದ ಮೂರು ಬರಹ ಯಾವುವು? ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಇಷ್ಟು ಮಾಡದೆ ಹೊರಟರೆ ದಪ್ಪ ಪಿಡಿಎಫ್ ಒಂದು ಕ್ಲಾಸ್ ವಾಟ್ಸ್ಆ್ಯಪ್ ಗುಂಪಿಗೆ ಹೋಗಿ ಅಲ್ಲೇ ಉಳಿಯುತ್ತದೆ.

ಎಲ್ಲಿ ಹುಡುಕುವುದು?

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಓಪನ್ ಟೆಕ್ಸ್ಟ್‌ಬುಕ್ ಲೈಬ್ರರಿ, ಕೆನಡಾದ ಮುಕ್ತ ಪಠ್ಯಪುಸ್ತಕಗಳ ತಾಣ ಬಿಸಿಕ್ಯಾಂಪಸ್, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಓಪನ್‌ಕೋರ್ಸ್‌ವೇರ್, ನಮ್ಮ ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ನಡೆಸುವ ಆನ್‌ಲೈನ್ ಪಾಠಗಳ ಎನ್‌ಪಿಟಿಇಎಲ್. ಬಿಸಿಕ್ಯಾಂಪಸ್‌ನಲ್ಲಿರುವ ‘ಟೆಕ್ನಿಕಲ್ ರೈಟಿಂಗ್ ಎಸೆನ್ಷಿಯಲ್ಸ್’ ಪುಸ್ತಕದಿಂದ ಶುರು ಮಾಡಬಹುದು. ಪೂರ್ತಿ ಪುಸ್ತಕ ಬೇಡ. ನಿಮ್ಮ ಹಾಳೆಯಲ್ಲಿರುವ ಮೂರು ಬರಹಕ್ಕೆ ಬೇಕಾದ ಅಧ್ಯಾಯಗಳನ್ನಷ್ಟೇ ಎತ್ತಿಕೊಳ್ಳಿ.

ಲೈಸೆನ್ಸ್ ನೋಡದೆ ಮುಂದೆ ಹೋಗಬೇಡಿ

ಪುಕ್ಕಟೆಯಾಗಿ ಸಿಗುವುದೆಲ್ಲ ಮುಕ್ತ ಅಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದ ಆನ್‌ಲೈನ್ ರೈಟಿಂಗ್ ಲ್ಯಾಬ್ ಅನ್ನು ಯಾರು ಬೇಕಾದರೂ ಓದಬಹುದು. ಆದರೆ ಅದಕ್ಕೆ ಕಾಪಿರೈಟ್ ಇದೆ. ಲಿಂಕ್ ಕೊಡಿ, ಸಾಕು. ಪಾಠವನ್ನೇ ತೆಗೆದು, ತಿದ್ದಿ, ನಿಮ್ಮ ನೋಟ್ಸ್ ಆಗಿ ಪ್ರಕಟಿಸುವಂತಿಲ್ಲ.

ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ (ಬರೆದವರು ತಮ್ಮ ಬರಹವನ್ನು ಬೇರೆಯವರು ಹೇಗೆ ಬಳಸಬಹುದು ಎಂದು ಮೊದಲೇ ಹೇಳಿಬಿಡುವ ಸಿದ್ಧ ಅನುಮತಿ) ಇದ್ದರೆ ಅದರ ಅಕ್ಷರಗಳನ್ನು ಗಮನಿಸಿ. ‘ಬಿವೈ’ ಇದ್ದರೆ ಬರೆದವರ ಹೆಸರು ಹೇಳಬೇಕು. ‘ಎಸ್‌ಎ’ ಇದ್ದರೆ ತಿದ್ದಿ ಹಂಚುವಾಗ ಅದೇ ಲೈಸೆನ್ಸ್ ಹಾಕಬೇಕು. ‘ಎನ್‌ಸಿ’ ಇದ್ದರೆ ವ್ಯಾಪಾರಕ್ಕೆ ಬಳಸಬಾರದು. ‘ಎನ್‌ಡಿ’ ಇದ್ದರೆ ತಿದ್ದಿದ ರೂಪವನ್ನು ಹಂಚಬಾರದು. ಅನುವಾದವೂ ಈ ತಿದ್ದುಪಡಿಯ ಲೆಕ್ಕಕ್ಕೇ ಬರುತ್ತದೆ. ಅಂದರೆ ‘ಎನ್‌ಡಿ’ ಪಾಠವನ್ನು ಕನ್ನಡಕ್ಕೆ ತಂದು ಹಂಚುವ ಹಾಗಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ತರಗತಿಯಲ್ಲಿದ್ದರೆ ಅಂಥ ಪಾಠವನ್ನು ಮೊದಲೇ ಪಕ್ಕಕ್ಕಿಡುವುದು ವಾಸಿ.

ಇನ್ನೊಂದು ತೊಡಕಿದೆ. ಎನ್‌ಪಿಟಿಇಎಲ್ ಪಾಠಗಳು ‘ಬಿವೈ-ಎಸ್‌ಎ’, ಎಂಐಟಿಯವು ‘ಬಿವೈ-ಎನ್‌ಸಿ-ಎಸ್‌ಎ’. ಎರಡೂ ತಮ್ಮದೇ ಲೈಸೆನ್ಸ್ ಬೇಕೆನ್ನುತ್ತವೆ. ಹಾಗಾಗಿ ಎರಡನ್ನೂ ಬೆರೆಸಿ ಒಂದೇ ಹೊಸ ಪಾಠ ಮಾಡಿ ಹಂಚಲು ಬರುವುದಿಲ್ಲ. ಬೇರೆ ಬೇರೆ ಹಾಳೆಯಾಗಿ ಕೊಟ್ಟರೆ ತೊಂದರೆಯಿಲ್ಲ.

ನಿಜವಾದ ದಾಖಲೆ ಒಂದನ್ನು ಮುಂದಿಡಿ

ನನ್ನ ಪ್ರಕಾರ ಕೋರ್ಸಿನ ಜೀವ ಇರುವುದು ಇಲ್ಲೇ. ಅಮೆರಿಕದ ಬಾಹ್ಯಾಕಾಶ ನೌಕೆ ಕೊಲಂಬಿಯಾದ ಅಪಘಾತದ ತನಿಖಾ ವರದಿಯನ್ನು ತೆಗೆದುಕೊಳ್ಳಿ. 2003ರ ಫೆಬ್ರವರಿ 1ರಂದು ಭೂಮಿಗೆ ಮರಳುವಾಗ ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ಅಮೆರಿಕದ ಕೇಂದ್ರ ಸರ್ಕಾರದ ನೌಕರರು ತಮ್ಮ ಕೆಲಸದ ಭಾಗವಾಗಿ ಬರೆದ ದಾಖಲೆಗಳಿಗೆ ಆ ದೇಶದಲ್ಲಿ ಕಾಪಿರೈಟ್ ಇರುವುದಿಲ್ಲ. ತರಗತಿಯ ಪಾಠಕ್ಕೆ ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಕೂಡ ಅವಕಾಶ ಕೊಡುತ್ತದೆ.

ಆ ವರದಿಯಲ್ಲಿ ಒಂದು ಸ್ಲೈಡ್ ಇದೆ. ಉಡಾವಣೆಯ ಹೊತ್ತಿನಲ್ಲಿ ಇಂಧನ ಟ್ಯಾಂಕಿನಿಂದ ಕಳಚಿಕೊಂಡ ಫೋಮ್ ತುಂಡು ನೌಕೆಗೆ ಬಡಿದಿತ್ತು. ನೌಕೆ ಇನ್ನೂ ಬಾಹ್ಯಾಕಾಶದಲ್ಲಿದ್ದಾಗಲೇ, ಹಾನಿ ಎಷ್ಟಾಗಿರಬಹುದು ಎಂದು ಎಂಜಿನಿಯರುಗಳು ಮೇಲಿನವರಿಗೆ ತೋರಿಸಿದ ಸ್ಲೈಡ್ ಅದು. ತಲೆಬರಹ ಓದಿದರೆ ಗಾಬರಿಪಡುವಂಥದ್ದೇನೂ ಇಲ್ಲ ಅನ್ನಿಸುತ್ತದೆ. ‘ಸಿಗ್ನಿಫಿಕೆಂಟ್’, ‘ಸಿಗ್ನಿಫಿಕೆಂಟ್ಲಿ’ ಎಂದು ಐದು ಸಲ ಬರುತ್ತದೆ, ಎಷ್ಟು ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಕಟ್ಟಕಡೆಯ ಸಾಲಿಗೆ ಬಂದಾಗ ತಿಳಿಯುತ್ತದೆ: ಮೊದಲು ಪರೀಕ್ಷೆ ಮಾಡಿದ್ದ ತುಂಡು 3 ಘನ ಇಂಚು, ಇಲ್ಲಿ ಲೆಕ್ಕಕ್ಕೆ ಹಿಡಿದ ತುಂಡು 1,920 ಘನ ಇಂಚು. ಅಂದರೆ 640 ಪಟ್ಟು ದೊಡ್ಡದು. ಆ ಹಳೆಯ ಪರೀಕ್ಷೆಗಳನ್ನು ಇಲ್ಲಿ ನೆಚ್ಚಿಕೊಳ್ಳುವಂತಿಲ್ಲ ಎಂಬುದು ಮೊದಲ ಸಾಲಾಗಬೇಕಿತ್ತು, ಅಲ್ವಾ?

ಇಬ್ಬಿಬ್ಬರನ್ನು ಜೋಡಿ ಮಾಡಿ, ಇಡೀ ಸ್ಲೈಡನ್ನು ಮೂರು ವಾಕ್ಯದಲ್ಲಿ ಬರೆಸಿ. ಮೊದಲ ವಾಕ್ಯದಲ್ಲೇ ಅಂಕಿ ಇರಬೇಕು. ಮೊದಲು ಕನ್ನಡದಲ್ಲಿ ಮಾತಾಡಿಕೊಂಡು ಆಮೇಲೆ ಇಂಗ್ಲಿಷಿನಲ್ಲಿ ಬರೆದರೂ ಸರಿ. ಯೋಚನೆ ಸ್ಪಷ್ಟವಾದರೆ ವಾಕ್ಯ ಹೇಗೂ ಬರುತ್ತದೆ.

ಅದು ಮುಗಿದ ಕೂಡಲೇ ಅವರವರ ಲ್ಯಾಬ್ ರೆಕಾರ್ಡ್ ತೆಗೆಸಿ. ಸಿವಿಲ್‌ನವರ ಕಾಂಕ್ರೀಟ್ ಕ್ಯೂಬ್ ಪರೀಕ್ಷೆಯ ಕೊನೆಗೆ ‘ಫಲಿತಾಂಶ ತೃಪ್ತಿಕರ’ ಎಂದಷ್ಟೇ ಇರಬಹುದು. ಎಷ್ಟು ಕ್ಯೂಬ್, ಎಷ್ಟು ದಿನ ಕ್ಯೂರಿಂಗ್ (ಕಾಂಕ್ರೀಟನ್ನು ನೀರಿನಲ್ಲಿ ಇಡುವುದು), ಸರಾಸರಿ ಬಲ ಎಷ್ಟು ಬಂತು, ಎಷ್ಟು ಬೇಕಿತ್ತು? ಇವಿಷ್ಟನ್ನೂ ಎರಡು ವಾಕ್ಯದಲ್ಲಿ ಹೇಳಿಸಿ. ಮುಕ್ತ ಪುಸ್ತಕದಲ್ಲಿರುವ ಕೆನಡಾದ ಉದಾಹರಣೆ ತೆಗೆದು, ನಿಮ್ಮ ಮಕ್ಕಳ ಈ ‘ಮೊದಲು-ಆಮೇಲೆ’ ಜೋಡಿಯನ್ನೇ ಅಲ್ಲಿ ಹಾಕಿ. ಮುಂದಿನ ಬ್ಯಾಚಿಗೆ ಅದು ತಮ್ಮದೇ ಲ್ಯಾಬಿನ ಪಾಠ.

ಹೆಸರು ಹೇಳಿ, ಒಪ್ಪಿಗೆ ಕೇಳಿ

ಪ್ರತಿ ಹಾಳೆಯ ಕೆಳಗೆ ಮೂಲದ ಹೆಸರು, ಬರೆದವರು, ಲಿಂಕ್, ಲೈಸೆನ್ಸ್ ಹಾಕಿ. ಏನು ಬದಲಿಸಿದಿರಿ ಅಂತಲೂ ಒಂದು ಸಾಲಿರಲಿ. ಮಕ್ಕಳಿಗೂ ಇದೇ ರೂಢಿ ಮಾಡಿಸಿ. ಸೀನಿಯರ್ ರೆಕಾರ್ಡ್ ನೋಡಿ ಇಳಿಸುವ ಅಭ್ಯಾಸದ ಬಗ್ಗೆ ಮಾತಾಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ವಿದ್ಯಾರ್ಥಿ ಬರೆದದ್ದರ ಹಕ್ಕು ವಿದ್ಯಾರ್ಥಿಯದೇ. ಅದನ್ನು ಪಾಠಕ್ಕೆ ಸೇರಿಸುವುದಾದರೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಮಾರ್ಕ್ಸ್ ಕೊಟ್ಟು ಮುಗಿಸಿದ ಮೇಲೆ ಕೇಳಿ. ಇಲ್ಲದಿದ್ದರೆ ಬೇಡ ಅನ್ನಲು ಯಾರಿಗೂ ಧೈರ್ಯ ಬರುವುದಿಲ್ಲ. ಆಸಕ್ತಿ ಇರುವವರಿಗೆ ಕನ್ನಡ ವಿಕಿಪೀಡಿಯದ ಎಂಜಿನಿಯರಿಂಗ್ ಲೇಖನಗಳನ್ನು ತಿದ್ದುವ ಕೆಲಸ ಕೊಡಿ.

ಸೆಮಿಸ್ಟರ್ ಮುಗಿದಾಗ ಪಾಠಗಳನ್ನು ಬರೀ ಪಿಡಿಎಫ್ ಮಾಡಿ ಇಡಬೇಡಿ. ವರ್ಡ್ ಅಥವಾ ಲಿಬ್ರೆ ಆಫೀಸ್ ಫೈಲ್ ಕೂಡ ಜೊತೆಗಿರಲಿ. ಬೇರೆ ಕಾಲೇಜಿನ ಮೇಷ್ಟ್ರು ನಿಮ್ಮ ಕ್ಯೂಬ್ ತೆಗೆದು ತಮ್ಮ ಮೋಟಾರು, ಸರ್ಕ್ಯೂಟು ಹಾಕಿಕೊಳ್ಳಬೇಕಾದರೆ ಅದೇ ಬೇಕು.